ಏಪ್ರಿಲ್‌ವರೆಗೆ ಕಾಯಬೇಡಿ: ಕಂಪನಿಯ ಬ್ಯಾಲೆ ಸ್ಕೂಲಿನಲ್ಲಿ ನನ್ನ ಮಗಳ ನಾಲ್ಕು ವರ್ಷ

ಐದಕ್ಕೆ ಮೂರೂವರೆ ಸ್ಟಾರ್. ಪಾಠಕ್ಕೆ ಮಾತ್ರ ಕೊಡಿ ಅಂದರೆ ಯೋಚನೆ ಮಾಡದೆ ಐದೂ ಕೊಡುತ್ತೇನೆ. ಒಂದೂವರೆ ಸ್ಟಾರ್ ಕಡಿಮೆಯಾಗಿದ್ದು ಕೊನೆಯ ವರ್ಷದ ಏಪ್ರಿಲ್ ತಿಂಗಳಿನಿಂದ. ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಮಗಳು ಹದಿನಾಲ್ಕರಿಂದ ಹದಿನೆಂಟರವರೆಗೆ ಒಂದು ಬ್ಯಾಲೆ ಕಂಪನಿಯದೇ, ಅಂದರೆ ಬ್ಯಾಲೆ ಕುಣಿಯುವ ವೃತ್ತಿಪರ ತಂಡದ್ದೇ ಸ್ಕೂಲಿನಲ್ಲಿ ಕಲಿತಳು. ಮೊದಲ ಎರಡು ವರ್ಷ ಮೇಲಿನ ತರಗತಿಗಳಲ್ಲಿ, ಆಮೇಲಿನ ಎರಡು ವರ್ಷ ಟ್ರೇನಿ ಆಗಿ, ಅಂದರೆ ಕಂಪನಿಗೆ ಸೇರುವ ಮುಂಚಿನ ತರಬೇತಿಯ ಮೆಟ್ಟಿಲಲ್ಲಿ. ಸ್ಕೂಲಿನ ಹೆಸರು ಹಾಕುತ್ತಿಲ್ಲ. ಅವಳ ಜೊತೆಯ ಮಕ್ಕಳು ಇನ್ನೂ ಅಲ್ಲಿದ್ದಾರೆ, ಕಲಿಸಿದ ಟೀಚರ್‌ಗಳ ಮೇಲೆ ನನಗೆ ತುಂಬಾ ಗೌರವ ಇದೆ. ಮೇಲಾಗಿ, ಬೇರೆ ಕಂಪನಿ ಸ್ಕೂಲುಗಳಿಗೆ ಮಕ್ಕಳನ್ನು ಕಳಿಸಿದ ಅಪ್ಪ ಅಮ್ಮಂದಿರ ಬಾಯಲ್ಲೂ ನಾನು ಹೆಚ್ಚುಕಡಿಮೆ ಇದೇ ಕಥೆ ಕೇಳಿದ್ದೇನೆ.

ಸೇರಿಸುವಾಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಳ್ಳೆ ಸ್ಕೂಲು, ಒಳ್ಳೆ ಕಂಪನಿ, ಚೆನ್ನಾಗಿ ಕುಣಿದರೆ ಅಲ್ಲೇ ಕೆಲಸ ಸಿಗುತ್ತದೆ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದಕ್ಕೆ ಕಾರಣವೂ ಇದೆ. ದೊಡ್ಡ ಕಂಪನಿಗಳ ಹಿಂದೆ ಹೆಚ್ಚಾಗಿ ಒಂದು ಸ್ಕೂಲು ಇರುತ್ತದೆ. ಪ್ಯಾರಿಸ್ ಒಪೆರಾದ ಸ್ಕೂಲು ಶುರುವಾಗಿದ್ದು 1713ರಲ್ಲಿ. ಈಗ ವಾಗನೋವಾ ಅಕಾಡೆಮಿ ಅಂತ ಕರೆಯುವ ಸೇಂಟ್ ಪೀಟರ್ಸ್‌ಬರ್ಗ್‌ನ ಸ್ಕೂಲು 1738ರದ್ದು, ಮಾರಿಯಿನ್ಸ್ಕಿ ಕಂಪನಿಯ ಡ್ಯಾನ್ಸರ್‌ಗಳಲ್ಲಿ ಬಹಳ ಮಂದಿ ಅಲ್ಲಿಂದಲೇ ಬರುತ್ತಾರೆ. ನ್ಯೂಯಾರ್ಕ್‌ನಲ್ಲಂತೂ ಸ್ಕೂಲೇ ಮೊದಲು. ನೃತ್ಯ ಸಂಯೋಜಕ ಜಾರ್ಜ್ ಬಾಲಂಚೀನ್ ಮತ್ತು ಕಲಾಪೋಷಕ ಲಿಂಕನ್ ಕರ್ಸ್ಟೀನ್ 1934ರಲ್ಲಿ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ ತೆರೆದರು, ನ್ಯೂಯಾರ್ಕ್ ಸಿಟಿ ಬ್ಯಾಲೆ ಆ ಹೆಸರಿನಲ್ಲಿ ಶುರುವಾಗಿದ್ದು 1948ರಲ್ಲಿ. ಇವತ್ತಿಗೂ ಆ ಕಂಪನಿಯವರಲ್ಲಿ ಹೆಚ್ಚಿನವರು ಆ ಸ್ಕೂಲಿನವರೇ.

ಆದರೆ ಇದನ್ನು ತಿರುಗಿಸಿ ನೋಡಬೇಕು. ಕಂಪನಿಯಲ್ಲಿರುವವರು ಸ್ಕೂಲಿನಿಂದ ಬಂದವರು ಅನ್ನುವುದು ನಿಜ. ಸ್ಕೂಲಿನಲ್ಲಿರುವವರೆಲ್ಲ ಕಂಪನಿಗೆ ಹೋಗುತ್ತಾರೆ ಅನ್ನುವುದು ನಿಜವಲ್ಲ. ಇದು ನನಗೆ ಅರ್ಥ ಆಗುವುದಕ್ಕೆ ನಾಲ್ಕು ವರ್ಷ ಬೇಕಾಯಿತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಅದು ಜಾಸ್ತಿ ಇದೆ.

ಕಂಪನಿಗೂ ಸ್ಕೂಲಿಗೂ ಒಂದೇ ಕಟ್ಟಡ. ಎಲ್ಲ ಸ್ಟುಡಿಯೋಗಳಲ್ಲೂ ಸ್ಪ್ರಂಗ್ ಫ್ಲೋರ್, ಅಂದರೆ ಹಾರಿ ಇಳಿದಾಗ ಸ್ವಲ್ಪ ಬಗ್ಗಿ ಪೆಟ್ಟನ್ನು ನುಂಗುವ ಮರದ ನೆಲ, ಮೇಲೆ ಜಾರದ ವಿನೈಲ್ ಹಾಸು. ಇದು ಅಲಂಕಾರಕ್ಕಲ್ಲ. ದಿನಕ್ಕೆ ನೂರಾರು ಸಲ ಹಾರಿ ಇಳಿಯುವ ಮಗುವಿನ ಮೊಣಕಾಲು, ಕಣಕಾಲಿನ ಪ್ರಶ್ನೆ. ಕಾಂಕ್ರೀಟ್ ಮೇಲೆ ಟೈಲ್ಸ್ ಹಾಕಿದ ಜಾಗದಲ್ಲಿ ಪಾಯಿಂಟ್ ಶೂ (ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುವ ಶೂ) ಕಲಿಸುವವರು ಎಷ್ಟೇ ಚೆನ್ನಾಗಿ ಮಾತಾಡಲಿ, ಅಲ್ಲಿಂದ ಎದ್ದು ಬನ್ನಿ.

ಪ್ರತಿ ಕ್ಲಾಸಿಗೂ ಪಿಯಾನೋ ನುಡಿಸುವವರು ಇರುತ್ತಾರೆ. ಇದರ ಬೆಲೆ ನನಗೆ ಮೊದಲು ಗೊತ್ತಿರಲಿಲ್ಲ. ರೆಕಾರ್ಡ್ ಹಾಕಿ ಕಲಿತ ಮಕ್ಕಳು ಲೆಕ್ಕಕ್ಕೆ ಕುಣಿಯುತ್ತಾರೆ, ಒಂದು ಎರಡು ಮೂರು ನಾಲ್ಕು ಅಂತ. ಪಿಯಾನೋದವರು ಇದ್ದರೆ ಟೀಚರ್ ಮಧ್ಯದಲ್ಲಿ ನಿಲ್ಲಿಸಿ "ಇದೇ ನಡೆ, ಈಗ ನಿಧಾನ" ಅನ್ನಬಹುದು, ಅವರು ಬೇರೆ ಏನೋ ಹಿಡಿದು ನುಡಿಸುತ್ತಾರೆ, ಮಗು ಸಂಗೀತ ಕೇಳಿಸಿಕೊಂಡೇ ಕಾಲು ಎತ್ತಬೇಕಾಗುತ್ತದೆ. ಆರು ತಿಂಗಳಲ್ಲಿ ನನ್ನ ಮಗಳ ಕೈಗಳು ಬೇರೆಯೇ ಆದವು. ಮೊದಲು ಕೈ ಒಂದು ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಆಮೇಲೆ ಹೋಗುವ ದಾರಿಯೇ ಚೆಂದ ಆಯಿತು.

ಇನ್ನು ಟ್ರೇನಿಗಳಿಗೆ ಸಿಗುವ ದೊಡ್ಡ ಭಾಗ್ಯ ಅಂದರೆ ಕಂಪನಿ ಕ್ಲಾಸ್. ಬೆಳಿಗ್ಗೆ ಹತ್ತಕ್ಕೆ ಕಂಪನಿಯ ಡ್ಯಾನ್ಸರ್‌ಗಳು ಮಾಡುವ ದಿನದ ಕ್ಲಾಸಿನಲ್ಲಿ ಹಿಂದೆ ನಿಂತುಕೊಳ್ಳಬಹುದು. ಮೊದಲ ದಿನ ಮಗಳು ಬಾರ್, ಅಂದರೆ ಅಭ್ಯಾಸಕ್ಕೆ ಹಿಡಿದುಕೊಳ್ಳುವ ಉದ್ದನೆಯ ಕಂಬಿ, ಹಿಡಿದು ನಿಂತಳು. ಯಾರೋ ಬಂದು ಮೆತ್ತಗೆ "ಇದು ನನ್ನ ಜಾಗ" ಅಂದರು. ಪಕ್ಕಕ್ಕೆ ಹೋದಳು. ಅದೂ ಇನ್ನೊಬ್ಬರದು. ಎಲ್ಲೂ ಬರೆದಿಲ್ಲ, ಆದರೆ ಬಾರ್‌ನಲ್ಲಿ ಪ್ರತಿಯೊಬ್ಬರಿಗೂ ಜಾಗ ಇದೆ, ವರ್ಷಗಟ್ಟಲೆ ನಿಂತು ಗಳಿಸಿದ್ದು. ಮೂರನೇ ಸಲ ಸರಿದು ಹೋಗುವಾಗ ಒಬ್ಬ ಹಿರಿಯ ಪ್ರಿನ್ಸಿಪಲ್ ಡ್ಯಾನ್ಸರ್ (ಮುಖ್ಯ ಪಾತ್ರಗಳನ್ನು ಮಾಡುವವರು) ತನ್ನ ನೀರಿನ ಬಾಟಲಿ ಸರಿಸಿ "ಇಲ್ಲಿ ಬಾ" ಅಂದರಂತೆ. ಆ ವರ್ಷ ಪೂರ್ತಿ ಅವರ ಬೆನ್ನ ಹಿಂದೆಯೇ ನಿಂತಳು. ಹಿಂದಿನ ರಾತ್ರಿ ಮೂರು ಅಂಕ ಕುಣಿದವರು, ಬೆಳಿಗ್ಗೆ ಬಂದು, ಉಣ್ಣೆ ಕಾಲುಚೀಲ ಹಾಕಿಕೊಂಡು, ಎಂಟು ವರ್ಷದ ಮಕ್ಕಳು ಮಾಡುವ ಅದೇ ತಾಂದ್ಯೂ, ಅಂದರೆ ನೆಲ ಬಿಡದೆ ಕಾಲು ಚಾಚುವುದನ್ನು, ಮಾಡುತ್ತಾರೆ. ಹಿಮ್ಮಡಿ ಎದ್ದು, ಅಂಗಾಲು ಎದ್ದು, ಕೊನೆಗೆ ಬೆರಳ ತುದಿ ಮಾತ್ರ ನೆಲದ ಮೇಲೆ, ಆಮೇಲೆ ಅದೇ ದಾರಿಯಲ್ಲಿ ವಾಪಸ್. ಅವಸರವೇ ಇಲ್ಲ. "ಅಮ್ಮಾ, ಅವರು ಅದನ್ನ ಇನ್ನೂ ಕಲೀತಾ ಇದ್ದಾರೆ" ಅಂದಳು ಮನೆಗೆ ಬಂದು. ಯಾವ ಟೀಚರ್ ಎಷ್ಟು ಹೇಳಿದರೂ ಇದು ತಲೆಗೆ ಹೋಗುತ್ತಿರಲಿಲ್ಲ. ಕಂಪನಿಯ ಜೊತೆ ಇಲ್ಲದ ಸ್ಕೂಲಿನಲ್ಲಿ ಇದು ಸಿಗುವುದಿಲ್ಲ.

ಶೈಲಿಯ ಬಗ್ಗೆಯೂ ಒಂದು ಮಾತು, ಯಾಕೆಂದರೆ ಸೇರಿಸುವ ಮುಂಚೆ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಕಂಪನಿ ಸ್ಕೂಲು ಬರೀ ಬ್ಯಾಲೆ ಕಲಿಸುವುದಿಲ್ಲ, ತನ್ನ ಬ್ಯಾಲೆ ಕಲಿಸುತ್ತದೆ. ಲಾ ಬಯಾದೆರ್ ಅಂತ ನೃತ್ಯ ಸಂಯೋಜಕ ಪೆಟಿಪಾ 1877ರಲ್ಲಿ ಮಾಡಿದ ಬ್ಯಾಲೆ ಇದೆ. ಅದರಲ್ಲಿ ನೆರಳುಗಳ ದೃಶ್ಯ ಒಂದು. ಬಿಳಿ ಬಟ್ಟೆಯ ಹುಡುಗಿಯರು ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಬರುತ್ತಾರೆ, ಕೆಲವು ಕಂಪನಿಗಳಲ್ಲಿ 24 ಮಂದಿ, ಕೆಲವು ಕಡೆ 32. ಎಲ್ಲರದೂ ಅದೇ ಆರಬೆಸ್ಕ್, ಒಂದೇ ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವುದು, ಮತ್ತೆ ಮತ್ತೆ. ಮೊದಲು ಬಂದವಳು ಕೊನೆಯವಳು ಇಳಿಯುವ ತನಕ ಮಾಡುತ್ತಲೇ ಇರಬೇಕು. ಅಲ್ಲಿ ಒಬ್ಬಳ ಕಾಲು ನಾಲ್ಕು ಬೆರಳು ಜಾಸ್ತಿ ಎದ್ದರೆ ಇಡೀ ದೃಶ್ಯ ಕೆಟ್ಟಂತೆ. ಒಂದೇ ಸ್ಕೂಲಿನಿಂದ ಬಂದವರಿಗೆ ಇದು ಮೈಯಲ್ಲೇ ಇರುತ್ತದೆ. ಕಂಪನಿಗಳು ಸ್ಕೂಲು ನಡೆಸುವುದಕ್ಕೆ ದೊಡ್ಡ ಕಾರಣ ಇದೇ.

ಹಾಗಾಗಿ ವಾಗನೋವಾ ಪದ್ಧತಿಯಲ್ಲಿ ಕಲಿತ ಮಗು ಬಾಲಂಚೀನ್ ಶೈಲಿಯ ಸ್ಕೂಲಿಗೆ ಹೋದರೆ ಮೊದಲ ವರ್ಷ ಅಳುತ್ತದೆ. ಒಂದು ಕಡೆ ಬೆನ್ನು, ಭುಜ, ತಲೆ ಎಲ್ಲ ಸೇರಿ ನಿಧಾನಕ್ಕೆ ಬೆಳೆಯುವ ನಡೆ, ಇನ್ನೊಂದು ಕಡೆ ವೇಗ, ಉದ್ದಕ್ಕೆ ಚಾಚಿದ ಹಿಂಗಾಲಿನಿಂದ ಹೊರಡುವ ಪಿರುಎಟ್ (ಒಂದು ಕಾಲಿನ ಮೇಲೆ ಸುತ್ತುವುದು), ಬೇರೆ ರೀತಿಯ ಕೈಬೆರಳು. ಡೆನ್ಮಾರ್ಕ್‌ನ ಬೂರ್ನೊನ್‌ವಿಲ್ ಶೈಲಿಯಲ್ಲಿ ಕೈ ತಗ್ಗಿನಲ್ಲೇ ಇರುತ್ತದೆ, ಕಾಲು ಮಾತ್ರ ಹಗುರವಾಗಿ ಹಾರುತ್ತಲೇ ಇರುತ್ತದೆ. ಯಾವುದೂ ತಪ್ಪಲ್ಲ. ಆದರೆ ಹದಿನಾಲ್ಕಕ್ಕೆ ಸೇರಿದ ಮಗು ಹದಿನೆಂಟಕ್ಕೆ ಒಂದು ಮನೆಯ ಮಗು ಆಗಿಬಿಟ್ಟಿರುತ್ತದೆ. ಆ ಮನೆ ಬಾಗಿಲು ಹಾಕಿದರೆ ಬೇರೆ ಮನೆಯವರು "ಚೆನ್ನಾಗಿದ್ದಾಳೆ, ಆದರೆ ನಮ್ಮ ಥರ ಅಲ್ಲ" ಅನ್ನುತ್ತಾರೆ. ನನ್ನ ಮಗಳಿಗೆ ಈ ಮಾತು ಎರಡು ಕಡೆ ಬಂದಿದೆ.

ಸ್ಟೇಜಿನ ವಿಷಯಕ್ಕೆ ಬಂದರೆ, ಅವಕಾಶ ಧಾರಾಳ. ನಟ್‌ಕ್ರ್ಯಾಕರ್ ಅನ್ನುವ ಬ್ಯಾಲೆಗೆ ಮಕ್ಕಳು ಬೇಕೇ ಬೇಕು. 1892ರ ಮೊದಲ ಪ್ರದರ್ಶನದಲ್ಲೂ ಕಥೆಯ ಹುಡುಗಿ ಕ್ಲಾರಾ ಆಗಿದ್ದು ಸ್ಕೂಲಿನ ವಿದ್ಯಾರ್ಥಿನಿಯೇ. ನಿಜವಾದ ಆರ್ಕೆಸ್ಟ್ರಾ, ನಿಜವಾದ ಲೈಟು, ಸ್ಟೇಜಿನ ಪಕ್ಕದ ಪರದೆಯ ಮರೆಯಲ್ಲಿ ನಿಂತು ದೊಡ್ಡವರು ಉಸಿರು ಬಿಡುವುದನ್ನು ಕೇಳುವುದು, ಇದೆಲ್ಲ ವರ್ಷಕ್ಕೊಂದು ಸ್ಕೂಲ್ ಡೇ ಕಾರ್ಯಕ್ರಮದಲ್ಲಿ ಆಗುವಂಥದ್ದಲ್ಲ.

ಆದರೆ ಇದೇ ಜಾಗದಲ್ಲಿ ಮೊದಲ ಪೆಟ್ಟೂ ಬಿತ್ತು. ಎರಡನೇ ವರ್ಷ ಪಾತ್ರಗಳ ಪಟ್ಟಿ ಗೋಡೆಗೆ ಹಾಕುವ ವಾರ, ಮಗಳಿಗೆ ಬಲ ಪಾದದ ಮೇಲ್ಭಾಗದಲ್ಲಿ ನೋವು. ಹೇಳಲಿಲ್ಲ. ಹೇಳಿದರೆ ಪಟ್ಟಿಯಿಂದ ಹೆಸರು ಹೋಗುತ್ತದಲ್ಲ. ಮೂರು ವಾರ ಟೇಪ್ ಸುತ್ತಿಕೊಂಡು ಕುಣಿದಳು. ಕೊನೆಗೆ ಸ್ಕೂಲಿನ ಫಿಸಿಯೋ ಅವಳು ಮೆಟ್ಟಿಲು ಇಳಿಯುವುದನ್ನು ನೋಡಿ ಹಿಡಿದರು. ಎರಡನೇ ಮೆಟಟಾರ್ಸಲ್, ಅಂದರೆ ಪಾದದಲ್ಲಿ ಎರಡನೇ ಬೆರಳಿನ ಹಿಂದಿರುವ ಉದ್ದನೆಯ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್, ಮತ್ತೆ ಮತ್ತೆ ಭಾರ ಬಿದ್ದು ಆಗುವ ಸಣ್ಣ ಬಿರುಕು. ಪಾಯಿಂಟ್ ಮೇಲೆ ನಿಲ್ಲುವವರಲ್ಲಿ ಇದು ಹೊಸದಲ್ಲ, ಅಲ್ಲಿ ಎಲ್ಲರಿಗೂ ಆ ಮೂಳೆಯ ಹೆಸರು ಗೊತ್ತು.

ಇಲ್ಲಿ ಸ್ಕೂಲು ನಡೆದುಕೊಂಡ ರೀತಿಗೆ ನಾನು ಕೈ ಮುಗಿಯುತ್ತೇನೆ. ಬೈಯಲಿಲ್ಲ. ಮನೆಗೆ ಕಳಿಸಲೂ ಇಲ್ಲ. ದಿನಾ ಬಂದು ನೆಲದ ಮೇಲೆ ಮಲಗಿ ಫ್ಲೋರ್ ಬಾರ್ ಮಾಡು, ಆಮೇಲೆ ಕೂತು ಕ್ಲಾಸ್ ನೋಡಿ ಬರಿ ಅಂದರು. ಮೂಳೆ ಕೂಡಿದ ಮೇಲೆ ಒಮ್ಮೆಲೇ ಪಾಯಿಂಟ್‌ಗೆ ಹತ್ತಿಸಲಿಲ್ಲ, ವಾರ ವಾರ ಸ್ವಲ್ಪ ಸ್ವಲ್ಪ. ಊಟ ಸರಿ ಇದೆಯಾ, ತಿಂಗಳ ಮುಟ್ಟು ಸರಿಯಾಗಿ ಬರುತ್ತಿದೆಯಾ ಅಂತ ಫಿಸಿಯೋ ಕೂತು ಕೇಳಿದರು. ಬೇಕಾದಷ್ಟು ತಿನ್ನದೆ ಜಾಸ್ತಿ ದುಡಿದರೆ ಮುಟ್ಟು ನಿಲ್ಲಬಹುದು, ಮೂಳೆ ಸೊರಗಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ (ದುಡಿಮೆಗೆ ತಕ್ಕ ಶಕ್ತಿ ಮೈಗೆ ಸಿಗದಿರುವುದು) ಅಂತ ಹೆಸರು ಕೊಟ್ಟಿದೆ. ಈ ಪ್ರಶ್ನೆ ಕೇಳುವ ಸ್ಕೂಲು ಒಳ್ಳೆ ಸ್ಕೂಲು. ತೂಕದ ಯಂತ್ರ ಇಟ್ಟುಕೊಂಡಿರುವ ಸ್ಕೂಲಿನ ಹತ್ತಿರ ಹೋಗಬೇಡಿ, ಅದು ಎಷ್ಟೇ ದೊಡ್ಡ ಕಂಪನಿಯದಾಗಿರಲಿ.

ಶೂಗಳ ಬಗ್ಗೆ ಬರೆಯದಿದ್ದರೆ ಈ ರಿವ್ಯೂ ಪೂರ್ತಿ ಆಗುವುದಿಲ್ಲ. ಪಾಯಿಂಟ್ ಶೂವಿನ ಮುಂಭಾಗ ಮರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಗಟ್ಟಿ ಮಾಡಿದ್ದು. ಬೆವರಿಗೆ ಮೆತ್ತಗಾಗುತ್ತದೆ. ದೊಡ್ಡ ಪಾತ್ರ ಮಾಡುವವರಿಗೆ ಒಂದು ರಾತ್ರಿಗೇ ಒಂದು ಜೊತೆ ಮುಗಿಯುವುದುಂಟು. ಟ್ರೇನಿ ಆದ ಮೇಲೆ ನನ್ನ ಮಗಳಿಗೆ ಒಂದು ಜೊತೆ ಒಂದು ವಾರ ಬಂದರೆ ಹೆಚ್ಚು. ರಾತ್ರಿ ಕೂತು ಅಟ್ಟೆ ಬಗ್ಗಿಸಿ, ತುದಿಯ ಸ್ಯಾಟಿನ್ ಕತ್ತರಿಸಿ, ಹಲ್ಲಿಗೆ ಹಾಕುವ ಫ್ಲಾಸ್ ದಾರದಲ್ಲಿ ರಿಬ್ಬನ್ ಹೊಲಿಯುತ್ತಿದ್ದಳು, ಮಾಮೂಲಿ ದಾರ ಕಿತ್ತು ಬರುತ್ತದೆ ಅಂತ. ಕಂಪನಿಯವರಿಗೆ ಶೂ ಕಂಪನಿಯೇ ಕೊಡುತ್ತದೆ. ಟ್ರೇನಿಗಳದ್ದು ಅವರವರ ಮನೆಯವರ ಪಾಡು. ಅದೇ ಸ್ಟೇಜು, ಅದೇ ಸಾಲು, ಪಕ್ಕದವಳಿಗೆ ಸಂಬಳವೂ ಇದೆ ಶೂವೂ ಇದೆ, ನನ್ನ ಮಗಳಿಗೆ ಎರಡೂ ಇಲ್ಲ, ಮೇಲಿಂದ ಫೀಸ್ ನಾವೇ ಕಟ್ಟುತ್ತಿದ್ದೆವು.

ಪಾ ದ ದ್ಯೂ, ಅಂದರೆ ಜೋಡಿ ನೃತ್ಯದ ಕ್ಲಾಸು ಸಾಧಾರಣ. ಮೂರು ನಾಲ್ಕು ಹುಡುಗಿಯರಿಗೆ ಒಬ್ಬ ಹುಡುಗ, ಸರದಿ ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ಶಾಲೆಯ ಓದು ಆನ್‌ಲೈನ್, ಹೇಗೋ ಆಯಿತು.

ಈಗ ಏಪ್ರಿಲ್.

ಮೆಟ್ಟಿಲುಗಳು ಹೀಗಿರುತ್ತವೆ. ವಿದ್ಯಾರ್ಥಿ, ಆಮೇಲೆ ಟ್ರೇನಿ, ಆಮೇಲೆ ಸೆಕೆಂಡ್ ಕಂಪನಿ ಅಥವಾ ಸ್ಟುಡಿಯೋ ಕಂಪನಿ, ಆಮೇಲೆ ಅಪ್ರೆಂಟಿಸ್, ಅದರ ಮೇಲೆ ಕೋರ್ ದ ಬ್ಯಾಲೆ, ಅಂದರೆ ಗುಂಪಿನಲ್ಲಿ ಕುಣಿಯುವವರು. ಹೆಸರುಗಳು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ಯಾವ ಮೆಟ್ಟಿಲಿನಿಂದ ಸಂಬಳ ಶುರು ಅನ್ನುವುದೂ ಹಾಗೇ. ಕಂಪನಿಗಳು ಹೊಸಬರಿಗೆ ಆಡಿಷನ್ ಇಡುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಇದನ್ನು ನೆನಪಿಟ್ಟುಕೊಳ್ಳಿ.

ಟ್ರೇನಿ ಆಗಿ ಎರಡನೇ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿಯ ನಿರ್ದೇಶಕರು ಕಾರಿಡಾರ್‌ನಲ್ಲಿ ಸಿಕ್ಕಿ "ನೀನು ನಮ್ಮ ಕಣ್ಣಲ್ಲಿದ್ದೀಯ" ಅಂದರಂತೆ. ಅಷ್ಟೇ ಮಾತು. ಮಗಳು ಕುಣಿದಾಡಿಬಿಟ್ಟಳು, ನಾನೂ. ಜನವರಿಯಲ್ಲಿ ಸ್ವಾನ್ ಲೇಕ್ ಬ್ಯಾಲೆಯ ರಿಹರ್ಸಲ್ ಶುರು. ಕಂಪನಿಯಲ್ಲಿ ಹಂಸಗಳಿಗೆ ಜನ ಸಾಲದು, ಟ್ರೇನಿಗಳು ಬೇಕು. ಬೇರೆ ಕಂಪನಿಗಳ ಆಡಿಷನ್‌ಗೆ ಎರಡು ಶನಿವಾರ ರಜೆ ಕೇಳಿದಳು. ರಿಹರ್ಸಲ್ ತಪ್ಪಿಸಿದರೆ ಪಾತ್ರ ಬೇರೆಯವರಿಗೆ ಅಂದರು. ಅವಳು ಹೋಗಲಿಲ್ಲ. ಯಾಕೆ ಹೋಗಬೇಕು, ಇಲ್ಲೇ ಕಣ್ಣಲ್ಲಿದ್ದೇನಲ್ಲ ಅಂತ ನಾವೂ ಸುಮ್ನೆ ಇದ್ದೆವು. ಮಾರ್ಚ್ ಕೊನೆಗೆ ಶೋ ಮುಗಿಯಿತು. ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವಳು. ನಾನು ಎರಡು ಸಲ ನೋಡಿದೆ, ಎರಡನೇ ಸಲ ಅವಳನ್ನು ಹುಡುಕುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ಚೆನ್ನಾಗಿ ಸಾಲಿನಲ್ಲಿ ಸೇರಿಹೋಗಿದ್ದಳು.

ಏಪ್ರಿಲ್ ಎರಡನೇ ವಾರ ಒಬ್ಬೊಬ್ಬರನ್ನೇ ಕರೆದರು. ಎಂಟು ನಿಮಿಷ. ತುಂಬಾ ಬೆಳೆದಿದ್ದೀಯ, ನಿನ್ನ ಕೆಲಸ ನಮಗೆ ಇಷ್ಟ, ಈ ವರ್ಷ ಜಾಗ ಒಂದೇ ಇದೆ, ಅದು ಬೇರೆಯವರಿಗೆ. ಹನ್ನೊಂದು ಟ್ರೇನಿಗಳಲ್ಲಿ ಒಬ್ಬಳಿಗೆ ಕಾಂಟ್ರಾಕ್ಟ್. ಆಯ್ಕೆ ಆದವಳು ಅದಕ್ಕೆ ಯೋಗ್ಯಳೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ದೂರು ಇರುವುದು ದಿನಾಂಕದ ಮೇಲೆ. ಒಂದೇ ಜಾಗ ಅನ್ನುವುದು ಏಪ್ರಿಲ್‌ನಲ್ಲಿ ಹೊಳೆದಿದ್ದಲ್ಲ. ಯಾರು ನಿವೃತ್ತಿ, ಯಾರು ಬಿಟ್ಟು ಹೋಗುತ್ತಾರೆ, ಎಷ್ಟು ದುಡ್ಡಿದೆ, ಇವು ಕಂಪನಿಗೆ ಅದಕ್ಕಿಂತ ಬಹಳ ಮುಂಚೆ ಹೆಚ್ಚುಕಡಿಮೆ ಗೊತ್ತಿರುತ್ತವೆ. ಡಿಸೆಂಬರ್‌ನಲ್ಲಿ "ನಮ್ಮಲ್ಲಿ ಕಷ್ಟ, ಬೇರೆ ಕಡೆಯೂ ನೋಡಿಕೊಳ್ಳಿ" ಅಂತ ಒಂದು ಮಾತು ಹೇಳಿದ್ದರೆ ಹತ್ತು ಮಕ್ಕಳಿಗೆ ಒಂದೊಂದು ವರ್ಷ ಉಳಿಯುತ್ತಿತ್ತು. ಹೇಳಿದ್ದರೆ ಮಾರ್ಚ್‌ನಲ್ಲಿ ಹಂಸಗಳು ಕಡಿಮೆ ಆಗುತ್ತಿದ್ದವು, ಅಷ್ಟೇ. ಹದಿನೆಂಟರ ಡ್ಯಾನ್ಸರ್‌ಗೆ ಒಂದು ವರ್ಷ ಅಂದರೆ ಎಷ್ಟು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾಗದದ ಮೇಲೆ ಯಾವ ನಿಯಮವೂ ಮುರಿದಿಲ್ಲ. ನಾವು ಸಹಿ ಹಾಕಿದ ಪತ್ರದಲ್ಲಿ ಕೆಲಸದ ಭರವಸೆ ಇಲ್ಲ ಅಂತ ಇದೆ, ಓದಿದ್ದೆವು. ಆದರೂ ಕಾರಿಡಾರ್‌ನ ಮಾತು ಕಾಗದಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ, ಮಕ್ಕಳಿಗಂತೂ.

ಹಾಗಾದರೆ ಸೇರಿಸಬೇಡಿ ಅನ್ನುತ್ತೀನಾ? ಇಲ್ಲ. ಆದರೆ ಸೇರಿಸುವ ಮುಂಚೆ ಕೇಳಿ. ಕಳೆದ ಐದು ವರ್ಷದಲ್ಲಿ ಎಷ್ಟು ಟ್ರೇನಿಗಳು, ಅದರಲ್ಲಿ ನಿಮ್ಮ ಕಂಪನಿಗೆ ಎಷ್ಟು, ಬೇರೆ ಕಂಪನಿಗಳಿಗೆ ಎಷ್ಟು, ಬಿಟ್ಟವರು ಎಷ್ಟು? ವೆಬ್‌ಸೈಟಿನಲ್ಲಿ ಗೆದ್ದವರ ಫೋಟೋ ಮಾತ್ರ ಇರುತ್ತದೆ. ಬೇರೆ ಕಡೆ ಆಡಿಷನ್‌ಗೆ ರಜೆ ಕೊಡುತ್ತೀರಾ, ಬರವಣಿಗೆಯಲ್ಲಿ? ನಿರ್ಧಾರ ಯಾವ ತಿಂಗಳು ಹೇಳುತ್ತೀರಿ? ಟ್ರೇನಿ ಎಷ್ಟು ವರ್ಷ ಇರಬಹುದು, ಯಾಕೆಂದರೆ ಮೂರನೇ ವರ್ಷವೂ ಫೀಸ್ ಕಟ್ಟಿಸಿಕೊಂಡು ಕುಣಿಸುವವರು ಇದ್ದಾರೆ. ಕಂಪನಿಯ ಶೋನಲ್ಲಿ ಕುಣಿದರೆ ಏನಾದರೂ ಕೊಡುತ್ತೀರಾ? ಇವನ್ನು ಕೇಳಿದಾಗ ಎದುರಿನವರ ಮುಖ ನೋಡಿ. ಒಂದು ಸ್ಕೂಲಿನ ಮುಖ್ಯಸ್ಥೆ ನನ್ನ ಗೆಳತಿಗೆ ಕಂಪ್ಯೂಟರ್ ತಿರುಗಿಸಿ ಪಟ್ಟಿಯನ್ನೇ ತೋರಿಸಿದರಂತೆ, ಅಂಥವರೂ ಇದ್ದಾರೆ.

ಆದಷ್ಟು ಮಟ್ಟಿಗೆ ಮೊದಲು ಬೇಸಿಗೆ ಕೋರ್ಸಿಗೆ ಕಳಿಸಿ. ಬಹಳ ಕಂಪನಿ ಸ್ಕೂಲುಗಳು ವರ್ಷಪೂರ್ತಿಯ ಮಕ್ಕಳನ್ನು ಆರಿಸುವುದೇ ಆ ಕೆಲವು ವಾರಗಳಲ್ಲಿ. ಅವರು ನಿಮ್ಮ ಮಗುವನ್ನು ನೋಡುತ್ತಾರೆ, ನೀವೂ ಅವರನ್ನು ನೋಡಿ. ಟೀಚರ್ ಹಿಂದಿನ ಸಾಲಿನ ಮಗುವಿನ ಹೆಸರು ಹಿಡಿದು ಕರೆಯುತ್ತಾರಾ, ತಿದ್ದುತ್ತಾರಾ? ಗಾಯವಾದ ಮಕ್ಕಳು ಎಲ್ಲಿ ಕೂತಿರುತ್ತಾರೆ? ಸ್ಪರ್ಧೆಗಳ ದಾರಿಯೂ ಇದೆ. 1973ರಿಂದ ನಡೆಯುತ್ತಿರುವ ಪ್ರಿ ದ ಲೊಸಾನ್ ಹದಿನೈದರಿಂದ ಹದಿನೆಂಟರವರಿಗೆ, ಅಲ್ಲಿ ಬಹುಮಾನ ಅಂದರೆ ಒಳ್ಳೆ ಸ್ಕೂಲು ಅಥವಾ ಕಂಪನಿಯಲ್ಲಿ ಒಂದು ವರ್ಷ ಕಲಿಯುವ ಅವಕಾಶ. ಎಲ್ಲರಿಗೂ ಎಟುಕುವುದಿಲ್ಲ, ಆದರೆ ಒಂದೇ ಮನೆಯ ಬಾಗಿಲಲ್ಲಿ ನಿಂತಿರುವುದಕ್ಕಿಂತ ವಾಸಿ.

ಮಗಳು ಆ ಏಪ್ರಿಲ್‌ನಲ್ಲಿ ಎರಡು ವಾರ ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ. ಮೂರನೇ ವಾರ ಅವಳ ಟೀಚರ್ ಮನೆಗೆ ಫೋನ್ ಮಾಡಿದರು. ನನ್ನ ಕ್ಲಾಸಿಗೆ ಫೀಸ್ ಇಲ್ಲ, ಸೋಮವಾರದಿಂದ ಬಾ, ವಿಡಿಯೋ ಮಾಡೋಣ ಅಂದರು. ಅವರೇ ವೇರಿಯೇಷನ್ (ಒಬ್ಬರೇ ಕುಣಿಯುವ ತುಣುಕು) ಆರಿಸಿದರು, ಪಿಯಾನೋದವರು ಭಾನುವಾರ ಬಂದು ನುಡಿಸಿದರು, ಹದಿನಾಲ್ಕು ಕಂಪನಿಗಳಿಗೆ ಕಳಿಸಿದೆವು. ಅಷ್ಟು ಹೊತ್ತಿಗೆ ಬಹಳ ಕಡೆ ಮುಗಿದಿತ್ತು. ಈ ಸಲ ಜನವರಿಯಲ್ಲಿ ನಾಲ್ಕು ಕಡೆ ಆಡಿಷನ್‌ಗೆ ಕರೆದಿದ್ದಾರೆ, ಅದರಲ್ಲಿ ಒಂದು ಕಡೆ ಸೆಕೆಂಡ್ ಕಂಪನಿಗೆ. ಸದ್ಯ ದಿನಾ ಬೆಳಿಗ್ಗೆ ಅದೇ ಟೀಚರ್ ಹತ್ತಿರ ಕ್ಲಾಸಿಗೆ ಹೋಗುತ್ತಾಳೆ. ನಿನ್ನೆ ರಾತ್ರಿ ಮೂರು ಜೊತೆ ಶೂ ಹೊಲಿದಿಟ್ಟಳು, ಎರಡು ಹಾಕುವುದಕ್ಕೆ, ಒಂದು ಬ್ಯಾಗಿನಲ್ಲಿ ಇರಲಿ ಅಂತ.